ಜೂನ್ 30ರ ನಂತರ

ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ ಸುದ್ದಿ. ಗಡುವು ಮುಗಿದರೂ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡದ ಶಾಸಕರ, ವಿಧಾನ ಪರಿಷತ್ ಸದಸ್ಯರ ಪಟ್ಟಿ. ಕತ್ತರಿಸಿ ಈ ನೋಟ್‌ಬುಕ್ಕಿನೊಳಗೆ ಇಟ್ಟೆ. ಇಡಲು ಹೋದಾಗ ಹಿಂದೊಮ್ಮೆ ಕತ್ತರಿಸಿದ್ದ ಇಂಥದೇ ತುಂಡು ಸಿಕ್ಕಿತು, ಅಂಚು ಹಳದಿಯಾಗಿದೆ. ಎರಡರಲ್ಲೂ ಎಲ್ಲ ಪಕ್ಷದವರೂ ಇದ್ದಾರೆ. ವರ್ಷ ವರ್ಷವೂ ಬರುವ ಸುದ್ದಿ ಇದು. ಓದಿದವರು ಪುಟ ತಿರುಗಿಸುತ್ತಾರೆ. ನಾನೂ ಇಷ್ಟು ದಿನ ಹಾಗೇ ಮಾಡಿದೆ. ಈ ಸಲ ಕೈ ಬರಲಿಲ್ಲ.

*

ಕಾಯ್ದೆಯನ್ನೇ ತೆಗೆದು ಓದಿದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984. ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದದ್ದು, 1986ರಲ್ಲಿ ಜಾರಿಗೆ ಬಂತು. ಅದರ 22ನೇ ಸೆಕ್ಷನ್ ಹೇಳುವುದು ಸರಳ: ಶಾಸಕರು, ಮಂತ್ರಿಗಳು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರವನ್ನು ಲೋಕಾಯುಕ್ತರಿಗೆ ಕೊಡಬೇಕು. ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಅವಲಂಬಿತ ತಂದೆತಾಯಿ.

ಕೊಡದಿದ್ದರೆ? ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡುತ್ತಾರೆ, ಅದರ ಪ್ರತಿಯೊಂದು ಆ ಶಾಸಕರಿಗೂ ಹೋಗುತ್ತದೆ. ಇನ್ನೆರಡು ತಿಂಗಳು ಕಾಯುತ್ತಾರೆ. ಆಗಲೂ ಬರದಿದ್ದರೆ ಹೆಚ್ಚು ಪ್ರಸಾರವಿರುವ ಮೂರು ಪತ್ರಿಕೆಗಳಲ್ಲಿ ಹೆಸರು ಪ್ರಕಟಿಸುತ್ತಾರೆ. ಸೆಕ್ಷನ್ ಅಲ್ಲಿಗೆ ಮುಗಿಯುತ್ತದೆ. ದಂಡವಿಲ್ಲ, ಸಂಬಳಕ್ಕೆ ತಡೆಯಿಲ್ಲ, ಸದನದೊಳಗೆ ಕೂರುವುದಕ್ಕೆ ಅಡ್ಡಿಯಿಲ್ಲ. ಮುಂದಿನ ಪುಟದಲ್ಲಿ ಏನಾದರೂ ಇದೆಯೇನೋ ಎಂದು ಎರಡು ಸಲ ನೋಡಿದೆ. ಇಲ್ಲ.

ಕಾಯ್ದೆ ಬರೆದವರು ಒಂದು ನಂಬಿಕೆಯ ಮೇಲೆ ಬರೆದಿರಬೇಕು. ಪತ್ರಿಕೆಯಲ್ಲಿ ಹೆಸರು ಬಂದರೆ ಆ ಮನುಷ್ಯ ಮಾರನೆಯ ದಿನ ಊರಿನಲ್ಲಿ ತಲೆ ಎತ್ತಿ ತಿರುಗಲಾರ ಎಂಬ ನಂಬಿಕೆ. 1984ರಲ್ಲಿ ಆ ನಂಬಿಕೆಗೆ ಆಧಾರ ಇತ್ತೇನೋ. ಈಗ ನಾಚಿಕೆಯೊಂದನ್ನೇ ಶಿಕ್ಷೆ ಮಾಡಿಕೊಂಡ ಕಾನೂನು ನಾಚದವರ ಮುಂದೆ ಬರಿಗೈಯಲ್ಲಿ ನಿಂತಿದೆ.

*

ಅಪ್ಪ ನೆನಪಾದರು. ತಿಪಟೂರಿನ ಕಡೆ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ಅವರೂ ಪ್ರತಿ ವರ್ಷ ಆಸ್ತಿ ಪಟ್ಟಿ ಕೊಡಬೇಕಿತ್ತು. ಆ ಸಂಜೆ ಮನೆಯಲ್ಲಿ ಒಂಥರಾ ಪರೀಕ್ಷೆಯ ಗಾಂಭೀರ್ಯ. ಮೊಣಕಾಲ ಮೇಲೆ ರಟ್ಟಿನ ಪ್ಯಾಡು, ಲಾಟೀನು ಹತ್ತಿರಕ್ಕೆ ಎಳೆದುಕೊಂಡು, ಶಾಯಿ ಪೆನ್ನಿನಲ್ಲಿ ದುಂಡಗೆ ಬರೆಯುವರು. ಪಿತ್ರಾರ್ಜಿತ ಖುಷ್ಕಿ, ಇಷ್ಟು ಗುಂಟೆ. ವಾಸದ ಹೆಂಚಿನ ಮನೆ, ಒಂದು. ಸೊಸೈಟಿ ಸಾಲ, ಇಷ್ಟು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, “ಏನೇ, ನಿನ್ನ ತವರಿನ ಓಲೆ ಎಷ್ಟು ತೂಕ?” ಎನ್ನುವರು. ಅಮ್ಮ ಒಳಗಿನಿಂದಲೇ, “ಅದನ್ನೂ ಬರೀತೀರಾ? ಅದು ನಮ್ಮಪ್ಪ ಕೊಟ್ಟಿದ್ದು” ಎನ್ನುವರು. ಅಪ್ಪ ಬರೆಯುವರು. ಒಂದು ವರ್ಷ ನನ್ನ ಅಕ್ಕನ ಮದುವೆಗೆ ಆ ಓಲೆ ಹೋಯಿತು. ಮುಂದಿನ ಪಟ್ಟಿಯಲ್ಲಿ ಅದನ್ನೂ ಬರೆದರು, ಮಗಳಿಗೆ ಕೊಡಲಾಗಿದೆ ಎಂದು.

ಕೊಡದಿದ್ದರೆ ಅಪ್ಪನಿಗೆ ಏನಾಗುತ್ತಿತ್ತು? ನೋಟಿಸು, ಇಲಾಖಾ ವಿಚಾರಣೆ, ಬಡ್ತಿಗೆ ಕುತ್ತು. ಇವತ್ತಿಗೂ ಗುಮಾಸ್ತ, ಮೇಷ್ಟ್ರು, ಗ್ರಾಮ ಆಡಳಿತಾಧಿಕಾರಿ ಎಲ್ಲರಿಗೂ ಈ ಕಟ್ಟು ಇದೆ. ಆ ನೌಕರರು ನಡೆದುಕೊಳ್ಳಬೇಕಾದ ಕಾನೂನು ಮಾಡುವ ಸದನದವರಿಗೆ ಮಾತ್ರ ಇಲ್ಲ. ಇದು ಹೇಗೆ ಸರಿ ಎಂದು ನಾನು ಎಷ್ಟು ತಿರುಗಿಸಿ ಕೇಳಿಕೊಂಡರೂ ಉತ್ತರ ಹೊಳೆಯುತ್ತಿಲ್ಲ.

*

ಅದೇ ಕಾಯ್ದೆಯಲ್ಲಿ ಎರಡು ಸೆಕ್ಷನ್ ಹಿಂದಕ್ಕೆ ಹೋದರೆ 20ನೆಯದು. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು. ಜೊತೆಗೆ ದಂಡ. ದೂರನ್ನು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಸಾಲದು, ನಮೂನೆಯಲ್ಲಿ ತುಂಬಿ ಪ್ರಮಾಣಪತ್ರ ಲಗತ್ತಿಸಬೇಕು.

ನಮ್ಮ ಬೀದಿಯ ಟೈಲರ್ ಒಬ್ಬರು ದೂರು ಕೊಡಲು ಹೊರಟಿದ್ದರು. ಅವರ ಅಂಗಡಿ ಮುಂದಿನ ಚರಂಡಿಯನ್ನು ಒಂದೇ ಸಲ ಕಟ್ಟಿದ್ದರು, ಬಿಲ್ಲು ಎರಡು ಸಲ ಆಗಿದೆ ಎಂಬುದು ಅವರ ಲೆಕ್ಕ. ಫೋಟೊ ತೆಗೆದಿದ್ದರು, ತಾರೀಖು ಬರೆದಿಟ್ಟಿದ್ದರು. ನೋಟರಿಯ ಮೇಜಿನ ಹತ್ತಿರ ನಾನೂ ಇದ್ದೆ. ಪ್ರಮಾಣಪತ್ರದ ಒಕ್ಕಣೆಯನ್ನು ನಿಧಾನ ಓದಿದರು, ಸುಳ್ಳು ದೂರಿಗೆ ಏನು ಶಿಕ್ಷೆ ಎಂದು ಕೇಳಿದರು. ನೋಟರಿ ಹೇಳಿದರು. ಟೈಲರ್ ಕಾಗದಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡರು. “ಸಾರ್, ನಾನು ಹೇಳ್ತಿರೋದು ನಿಜಾನೇ. ಆದ್ರೆ ನಿಜ ಅಂತ ರುಜುವಾತು ಮಾಡೋದು ನನ್ನ ಕೈಲಿ ಆಗುತ್ತಾ?” ಬೇಕೆಂದೇ ಸುಳ್ಳು ಹೇಳಿದರೆ ಮಾತ್ರ ಶಿಕ್ಷೆ, ಪ್ರಾಮಾಣಿಕವಾಗಿ ಕೊಟ್ಟ ದೂರು ಸಾಬೀತಾಗದಿದ್ದರೆ ಏನೂ ಆಗುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಆದರೆ ಆ ಕಾಗದ ಜೇಬಿನಿಂದ ಮತ್ತೆ ಹೊರಗೆ ಬರಲಿಲ್ಲ.

ಸುಳ್ಳು ದೂರಿಗೆ ಶಿಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ದ್ವೇಷಕ್ಕೆ ದೂರು ಕೊಡುವವರು ಇದ್ದಾರೆ. ಆದರೆ ಒಂದೇ ಕಾಯ್ದೆಯಲ್ಲಿ ದೂರು ಕೊಡುವವನು ತಪ್ಪಿದರೆ ಸೆರೆಮನೆ, ಲೆಕ್ಕ ಕೊಡಬೇಕಾದವರು ತಪ್ಪಿದರೆ ಪತ್ರಿಕೆಯಲ್ಲಿ ಹೆಸರು. ಈ ಎರಡು ಸೆಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದ ದಿನದಿಂದ ನನಗೆ ಸಮಾಧಾನವಿಲ್ಲ.

*

“ಸಕ್ಷಮ ಪ್ರಾಧಿಕಾರ.” ಈ ಮಾತು ಕಾಯ್ದೆಯ ತುಂಬ ಬರುತ್ತದೆ. ಮಂತ್ರಿಯ ಮೇಲಿನ ವರದಿ ಮುಖ್ಯಮಂತ್ರಿಗೆ ಹೋಗುತ್ತದೆ. ಅಧಿಕಾರದಲ್ಲಿ ಮುಂದುವರಿಯಲು ಈತ ಯೋಗ್ಯನಲ್ಲ ಎಂದು ಲೋಕಾಯುಕ್ತರು ಘೋಷಿಸಿದರೂ ಮುಖ್ಯಮಂತ್ರಿ ಅದನ್ನು ಒಪ್ಪಬಹುದು, ತಳ್ಳಿಯೂ ಹಾಕಬಹುದು. ದೆಹಲಿಯ ಕಥೆಯೂ ಹೀಗೆಯೇ. ಮಂತ್ರಿಗಳಿಗೊಂದು ನೀತಿ ಸಂಹಿತೆ 1964ರಿಂದ ಇದೆ. ಆಸ್ತಿ ತಿಳಿಸಬೇಕು, ವ್ಯಾಪಾರದ ನಂಟು ಕಡಿದುಕೊಳ್ಳಬೇಕು ಎಂದೆಲ್ಲ ಅದರಲ್ಲಿದೆ. ಪಾಲನೆ ನೋಡಿಕೊಳ್ಳುವವರು ಯಾರು? ಕೇಂದ್ರದಲ್ಲಿ ಪ್ರಧಾನಿ, ರಾಜ್ಯದಲ್ಲಿ ಮುಖ್ಯಮಂತ್ರಿ. ಯಾರ ಬೆಂಬಲದಿಂದ ಕುರ್ಚಿ ಉಳಿದಿದೆಯೋ ಅವರನ್ನೇ ವಿಚಾರಿಸಬೇಕು. ಆ ಸಂಹಿತೆ ಕಾನೂನೂ ಅಲ್ಲ, ಮುರಿದರೆ ಕೋರ್ಟು ಕೇಳುವುದಿಲ್ಲ.

*

ಇಷ್ಟರಲ್ಲೂ ಲೋಕಾಯುಕ್ತ ಸಂಸ್ಥೆ ಒಂದು ಕಾಲದಲ್ಲಿ ಕೆಲಸ ಮಾಡಿ ತೋರಿಸಿದೆ. ಅದನ್ನು ಮರೆತು ಬರೆದರೆ ಅನ್ಯಾಯ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲದಲ್ಲಿ ಕಚೇರಿಗಳಿಗೆ ದಿಢೀರ್ ಭೇಟಿ ಕೊಟ್ಟ ಸುದ್ದಿ ಟೀವಿಯಲ್ಲಿ ಬಂದರೆ ಹಳ್ಳಿ ಜನ ನಿಂತು ನೋಡುತ್ತಿದ್ದರು. ಮುಂದೆ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಅದಿರಿನ ಲಾರಿ, ಪರ್ಮಿಟ್ಟು, ಬಂದರಿನ ಲೆಕ್ಕಗಳನ್ನು ಒಂದೊಂದಾಗಿ ತಾಳೆ ನೋಡಿದರು. 2011ರ ಜುಲೈ 27ರಂದು ವರದಿ ಸಲ್ಲಿಕೆಯಾಯಿತು, ಜುಲೈ 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ನಾಲ್ಕು ದಿನ ನಾನು ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಇಂಥದ್ದೂ ಆಗುತ್ತೆ ನೋಡಿ.”

ಆಮೇಲಿನದು ನಿಧಾನದ ಕಥೆ. ಅದೇ ವರದಿಯ ಆಧಾರದ ಮೇಲೆ ಯಡಿಯೂರಪ್ಪನವರ ವಿರುದ್ಧ ದಾಖಲಾಗಿದ್ದ ಎಫ್‌ಐಆರ್ ಅನ್ನು 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ಕಾಣೆಯಾದದ್ದು ಬಯಲಾಗಿದ್ದು 2010ರಲ್ಲಿ, ಶಾಸಕರೊಬ್ಬರೂ ಸೇರಿದಂತೆ ಆರೋಪಿಗಳಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕೋರ್ಟುಗಳಿಗೆ ಅವುಗಳದೇ ಕಾರಣಗಳಿವೆ, ಅದನ್ನು ನಾನು ಅಳೆಯಲಾರೆ. ಹದಿನಾಲ್ಕು ವರ್ಷ ಎಂಬುದಷ್ಟನ್ನು ಗುರುತು ಹಾಕಿಕೊಳ್ಳುತ್ತೇನೆ. ಆ ವರ್ಷ ಹುಟ್ಟಿದ ಮಗು ಹೈಸ್ಕೂಲಿಗೆ ಬಂತು.

*

ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಇದೆ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಸುಲಿಗೆಯ ಆರೋಪ ಬಂತು, ಲೋಕಾಯುಕ್ತರ ಮಗನ ಬಂಧನವಾಯಿತು, ಡಿಸೆಂಬರ್‌ನಲ್ಲಿ ಲೋಕಾಯುಕ್ತ ಭಾಸ್ಕರ ರಾವ್ ರಾಜೀನಾಮೆ ಕೊಟ್ಟರು. ಕುರ್ಚಿ ವರ್ಷದ ಮೇಲೆ ಖಾಲಿ ಉಳಿಯಿತು. ಅದೇ ಹೊತ್ತಿನಲ್ಲಿ, 2016ರ ಮಾರ್ಚ್‌ನಲ್ಲಿ, ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬ ಎಸಿಬಿ ಮಾಡಿ, ಲೋಕಾಯುಕ್ತದ ಪೊಲೀಸರ ಕೈಯಿಂದ ಭ್ರಷ್ಟಾಚಾರದ ತನಿಖೆ ಕಿತ್ತುಕೊಂಡಿತು. ರೋಗ ಬಂದದ್ದು ಕಚೇರಿಯ ಮಂದಿಗೆ, ಕಳೆದುಕೊಂಡದ್ದು ಸಂಸ್ಥೆಯ ಕೈಕಾಲು.

ನನ್ನನ್ನು ಹೆಚ್ಚು ಕಾಡುವುದು ಅದರ ನಂತರದ್ದು. 2018ರಲ್ಲಿ ಸರ್ಕಾರ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಮೂರೂ ದೊಡ್ಡ ಪಕ್ಷಗಳು ಅಧಿಕಾರ ಕಂಡವು. ಎಸಿಬಿ ಹಾಗೇ ಇತ್ತು. ಕೊನೆಗೆ ರದ್ದು ಮಾಡಿದ್ದು ಹೈಕೋರ್ಟ್, 2022ರ ಆಗಸ್ಟ್ 11ರಂದು. ಎದುರು ಬದಿಯಲ್ಲಿ ಕೂತಾಗ ಲೋಕಾಯುಕ್ತ ಬಲವಾಗಬೇಕು, ಈಚೆ ಬದಿಗೆ ಬಂದಾಗ ಬೇಡ.

*

ಇನ್ನೊಂದು ಸರಪಳಿ, ವರ್ಷಗಳ ಸಮೇತ ಬರೆದಿಡಬೇಕು. ದೊಡ್ಡ ಅಧಿಕಾರಿಗಳ ಮೇಲೆ ಸಿಬಿಐ ವಿಚಾರಣೆ ಶುರು ಮಾಡುವ ಮುನ್ನ ಸರ್ಕಾರದ ಒಪ್ಪಿಗೆ ಬೇಕೆಂಬ ಆದೇಶವಿತ್ತು. ಹವಾಲಾ ಪ್ರಕರಣದಲ್ಲಿ, 1997ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 2003ರಲ್ಲಿ ಸಂಸತ್ತು ಅದನ್ನೇ ಕಾನೂನು ಮಾಡಿ ಮತ್ತೆ ತಂದಿತು. 2014ರ ಮೇನಲ್ಲಿ ಸಂವಿಧಾನ ಪೀಠ ಅದನ್ನೂ ಹೊಡೆದುಹಾಕಿತು. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಸೆಕ್ಷನ್ ಸೇರಿತು. ಈ ಸಲ ದೊಡ್ಡವರಿಗಷ್ಟೇ ಅಲ್ಲ, ಎಲ್ಲ ಸಾರ್ವಜನಿಕ ಸೇವಕರಿಗೂ: ಅಧಿಕಾರದಲ್ಲಿದ್ದು ಮಾಡಿದ ಶಿಫಾರಸು, ತೀರ್ಮಾನಗಳ ವಿಚಾರಣೆಗೆ ಮೊದಲೇ ಒಪ್ಪಿಗೆ ಬೇಕು. ಮಧ್ಯೆ ಆಳಿದವರು ಬೇರೆ ಬೇರೆ. ವಿಚಾರಣೆಯ ಬಾಗಿಲು ಮುಚ್ಚಿಡುವ ವಿಷಯದಲ್ಲಿ ಅವರ ನಡುವೆ ಭಿನ್ನಾಭಿಪ್ರಾಯ ಕಾಣಲಿಲ್ಲ.

ಕೇಂದ್ರದಲ್ಲಿ ಲೋಕಾಯುಕ್ತದಂಥದೇ ಆದ ಲೋಕಪಾಲದ್ದು ಒಂದೇ ಸಾಲು: ಕಾಯ್ದೆ 2013ರದು, ಮೊದಲ ಲೋಕಪಾಲರ ನೇಮಕ 2019ರ ಮಾರ್ಚ್‌ನಲ್ಲಿ.

*

2025ರ ಮಾರ್ಚ್ 21. ವಿಧಾನಸಭೆಯಲ್ಲಿ ಗದ್ದಲ, ಶಾಸಕರ ಅಮಾನತು. ಆ ಗದ್ದಲದ ನಡುವೆಯೇ ಸಂಬಳ ಹೆಚ್ಚಳದ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಮೂಲ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯವರದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ.

ಸಂಬಳ ಹೆಚ್ಚಾದದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ದಿನವೆಲ್ಲ ಕ್ಷೇತ್ರ ಸುತ್ತುವ ಪ್ರಾಮಾಣಿಕ ಶಾಸಕರಿಗೆ ಖರ್ಚಿದೆ. ನನ್ನ ಗೊಂದಲ ಬೇರೆ. ಮನಸ್ಸು ಮಾಡಿದರೆ ಕೆಲವೇ ನಿಮಿಷದಲ್ಲಿ ಕಾನೂನು ತಿದ್ದಬಲ್ಲ ಸದನ ಇಷ್ಟು ದಶಕವಾದರೂ 22ನೇ ಸೆಕ್ಷನ್‌ಗೆ ಒಂದು ವಾಕ್ಯ ಯಾಕೆ ಸೇರಿಸಿಲ್ಲ? ಆ ವಾಕ್ಯವನ್ನು ನಾನೇ ಬರೆದು ನೋಡಿದೆ: “ಆಸ್ತಿ ವಿವರ ಸಲ್ಲಿಸುವ ತನಕ ಸದಸ್ಯರ ಸಂಬಳ, ಭತ್ಯೆಗಳನ್ನು ತಡೆಹಿಡಿಯತಕ್ಕದ್ದು.” ನಿಂಗಪ್ಪನೋ ತಿಮ್ಮಯ್ಯನೋ ಇ-ಕೆವೈಸಿ ಮಾಡಿಸದಿದ್ದರೆ ರೇಷನ್ ನಿಲ್ಲುತ್ತದೆ. ಪಿಂಚಣಿದಾರ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಅಪ್ಪ ಎಂಬತ್ತು ದಾಟಿದ ಮೇಲೂ ನವೆಂಬರ್ ಬಂತೆಂದರೆ ಕೋಲೂರಿಕೊಂಡು ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ರುಜು ಹಾಕಿ ಬರುತ್ತಿದ್ದರು.

*

ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಗಡುವಿನೊಳಗೆ ವಿವರ ಕೊಟ್ಟವರ ಹೆಸರು ಯಾವ ಪತ್ರಿಕೆಯಲ್ಲೂ ಕಾಣಲಿಲ್ಲ. ಹೆಚ್ಚಿನ ಶಾಸಕರು ಕೊಡುತ್ತಾರೆ, ಅದನ್ನೂ ಹೇಳಬೇಕು. ಕೊಟ್ಟವರಿಗೂ ಕೊಡದವರಿಗೂ ಚುನಾವಣೆಯಲ್ಲಿ ವ್ಯತ್ಯಾಸ ಆಗುವುದಿಲ್ಲ, ಯಾಕೆಂದರೆ ನಾವು ಕೇಳುವುದಿಲ್ಲ. ರಸ್ತೆ ಕೇಳುತ್ತೇವೆ, ಬೋರ್‌ವೆಲ್ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ, ಮದುವೆಗೆ ಬರಬೇಕೆಂದು ಕೇಳುತ್ತೇವೆ. ಜೂನ್ 30ರ ರಸೀದಿಯನ್ನು ನಾನಂತೂ ಈವರೆಗೆ ಯಾರನ್ನೂ ಕೇಳಿದವನಲ್ಲ.

ಈ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ತಂದೆ. ನಮ್ಮ ಕ್ಷೇತ್ರದ ಶಾಸಕರ ಹೆಸರು, ಶಾಸಕರ ಭವನದ ವಿಳಾಸ. ಅದರಲ್ಲಿ ಬರೆದದ್ದು ಇಷ್ಟು: “ಮಾನ್ಯರೇ, ಈ ವರ್ಷದ ಆಸ್ತಿ ವಿವರವನ್ನು ಲೋಕಾಯುಕ್ತಕ್ಕೆ ಸಲ್ಲಿಸಿದ್ದೀರಾ? ಯಾವ ದಿನಾಂಕದಂದು? ವಿವರ ಕೊಡದವರ ಸಂಬಳ ತಡೆಯುವ ತಿದ್ದುಪಡಿಯನ್ನು ಸದನದಲ್ಲಿ ಕೇಳುವಿರಾ?” ಕೆಳಗೆ ಹೆಸರು, ಬೀದಿ, ಪಿನ್‌ಕೋಡು. ದಾರಿಯಲ್ಲಿ ಟೈಲರ್ ಅಂಗಡಿಗೆ ಹೋಗಿ ತೋರಿಸಿದೆ. ಓದಿ, “ಇದಕ್ಕೆ ಪ್ರಮಾಣಪತ್ರ ಬೇಡ್ವಾ ಸಾರ್?” ಎಂದರು. ಬೇಡ ಎಂದೆ. ತಮಗೂ ಒಂದು ಬರೆದುಕೊಡಿ ಎಂದರು.

ಓದಿದವರೇ, ನೀವೂ ಒಂದು ಬರೆಯಿರಿ. ಉತ್ತರ ಬರದಿದ್ದರೆ ಮುಂದಿನ ಜುಲೈನಲ್ಲಿ ಮತ್ತೊಂದು ಬರೆಯಿರಿ.