ರೆಕ್ಕೆಯ ಸಾಕ್ಷಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಜೇನಿನ ರೆಕ್ಕೆಯನ್ನು ಕುರಿತು ಬರೆಯುವುದನ್ನು ಕಂಡು ಮಿತ್ರರು ನಗಬಹುದು. ನಗಲಿ. ಈ ವಿಷಯವನ್ನು ನಾನಾಗಿ ಆರಿಸಿಕೊಂಡುದಲ್ಲ; ನನ್ನದೊಂದು ತಪ್ಪು ನನ್ನನ್ನು ಅದರ ಬಳಿಗೆ ಎಳೆದೊಯ್ದಿತು.

ನಾನು ಓದುವುದು ಸುರಪುರದಲ್ಲಿ. ಊರು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಹಿತ್ತಲ ಗೋಡೆಯ ಮಾಡದಲ್ಲಿ ಅಜ್ಜ ಮಣ್ಣಿನ ಗಡಿಗೆಯೊಂದನ್ನು ಅಡ್ಡಲಾಗಿ ಇಟ್ಟು, ಅದರಲ್ಲಿ ತುಡುವೆ ಜೇನನ್ನು ಸಾಕಿದ್ದ. ಬಂಡೆಗೆ ಜೋತುಬೀಳುವ ಹೆಜ್ಜೇನಾಗಲಿ, ಪೊದೆಯ ಕಡ್ಡಿಗೆ ಒಂದೇ ಎರಿ ಕಟ್ಟುವ ಕೋಲುಜೇನಾಗಲಿ ಗಡಿಗೆಗೆ ಬಾರದು. ಕತ್ತಲೆಯಲ್ಲಿ ಹಲವು ಎರಿ ಕಟ್ಟುವ ತುಡುವೆ ಮಾತ್ರ ಮನುಷ್ಯನ ಮನೆಗೆ ಒಲಿಯುತ್ತದೆ. ಅಜ್ಜನಿಗೆ ಅದು ಮನೆಯ ಮಂದಿಯ ಲೆಕ್ಕವೇ ಆಗಿತ್ತು.

ಒಂದು ವರ್ಷ ಪಕ್ಕದ ಹೊಲದ ಸೂರ್ಯಕಾಂತಿ ಹೂವಾದಾಗ ಲಾರಿಯಲ್ಲಿ ಜೇನುಪೆಟ್ಟಿಗೆಗಳು ಬಂದಿಳಿದವು. ಅವುಗಳಲ್ಲಿದ್ದುದು 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಳಿಸಿದ ಯೂರೋಪಿನ ಮೆಲ್ಲಿಫೆರಾ ಜೇನು. ಕೆಲವು ವಾರಗಳ ಮೇಲೆ ನಮ್ಮ ಗಡಿಗೆಯ ಬಾಯಲ್ಲಿ ಹಳದಿ ಬಣ್ಣದ ಹುಳುಗಳು ಹೆಚ್ಚಾಗಿ ಕಂಡವು. ಬೆರಕೆಯಾದ ಜೇನು ಬಾಳುವುದಿಲ್ಲ, ಅದಕ್ಕೆ ರೋಗ ಹಿಡಿಯುತ್ತದೆ ಎಂದು ಯಾರೋ ಅಜ್ಜನ ಕಿವಿಯಲ್ಲಿ ಊದಿದ್ದರು.

"ಕಾಲೇಜಿಗೆ ಹೋಗ್ತಿಯಲ್ಲೋ ತಮ್ಮಾ, ನೋಡಿ ಹೇಳು. ಇವು ಬೆರಕಿ ಆಗ್ಯಾವೇನು?"

"ಹೌದಜ್ಜಾ, ಬಣ್ಣಾನ ಹೇಳ್ತದ," ಎಂದೆ. ಗೊತ್ತಿಲ್ಲವೆನ್ನಲು ನಾಲಗೆ ಏಳಲಿಲ್ಲ.

ಆ ಸಂಜೆ ಅಜ್ಜ ಗಡಿಗೆಗೆ ಹೊಗೆ ಹಾಕಿದ. ಜೇನು ಎದ್ದುಹೋಯಿತು. ಕೆಳಗೆ ಸತ್ತುಬಿದ್ದ ಇಪ್ಪತ್ತು ಹುಳುಗಳನ್ನು ಬೆಂಕಿಪೆಟ್ಟಿಗೆಯಲ್ಲಿ ತುಂಬಿಕೊಂಡು, ಯಾದಗಿರಿಯಲ್ಲಿ ವಿಜ್ಞಾನ ಓದುವ ಗೆಳೆಯನಲ್ಲಿಗೆ ಹೋದೆ. ನನ್ನ ಶೋಧವನ್ನು ತೋರಿಸುವ ಹೆಮ್ಮೆ!

ಗೆಳೆಯನ ಅಧ್ಯಾಪಕರು ಮಾತಾಡದೆ ಚಿಮುಟದಿಂದ ರೆಕ್ಕೆಗಳನ್ನು ಬಿಡಿಸಿ, ಎರಡು ಗಾಜುಗಳ ನಡುವೆ ಒತ್ತಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. "ಬಣ್ಣವನ್ನು ನಂಬಬೇಡ. ಹೊಸದಾಗಿ ಹೊರಬಂದ ಹುಳು ತಿಳಿಯಾಗಿಯೇ ಇರುತ್ತದೆ. ಹಿಂದಿನ ರೆಕ್ಕೆಯನ್ನು ನೋಡು," ಎಂದರು. ಅಲ್ಲಿ ಒಂದು ನರವು ಅಡ್ಡನರವನ್ನು ದಾಟಿ ಪುಟ್ಟ ಬಾಲದಂತೆ ಮುಂದುವರಿದಿತ್ತು. ತುಡುವೆಗೆ ಈ ಬಾಲವುಂಟು; ಮೆಲ್ಲಿಫೆರಾಕ್ಕೆ ಇಲ್ಲ. ಇಪ್ಪತ್ತು ಹುಳುಗಳಲ್ಲಿಯೂ ಅದಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಅವರ ಮುಂದಿನ ಮಾತು: ಈ ಎರಡೂ ಬೇರೆ ಬೇರೆ ಜಾತಿಗಳು, ಇವು ಕೂಡಿದರೂ ಆ ಮೊಟ್ಟೆ ಬದುಕುವುದಿಲ್ಲ. ನಾನು ಕಂಡೆನೆಂದು ಸಾರಿದ ಬೆರಕೆಯು ಲೋಕದಲ್ಲಿಯೇ ಇಲ್ಲ!

ಬೆರಕೆಯಾಗುವುದು ಒಂದೇ ಜಾತಿಯ ಉಪಜಾತಿಗಳ ನಡುವೆ. ಅದನ್ನು ಅಳೆಯುವ ಬಗೆಯನ್ನೂ ಅವರು ತೋರಿಸಿದರು. ಮುಂದಿನ ರೆಕ್ಕೆಯ ಒಂದು ಕೋಶದ ಅಂಚನ್ನು ಅಲ್ಲಿಗೆ ಬಂದು ಸೇರುವ ನರವೊಂದು ಎರಡು ತುಂಡಾಗಿಸುತ್ತದೆ. ಉದ್ದ ತುಂಡನ್ನು ಗಿಡ್ಡ ತುಂಡಿನಿಂದ ಭಾಗಿಸಿದರೆ ಬರುವುದೇ ಕ್ಯೂಬಿಟಲ್ ಸೂಚ್ಯಂಕ. ಯೂರೋಪಿನ ಕಪ್ಪು ಜೇನಿಗೆ ಇದು ಸುಮಾರು 1.7, ಕಾರ್ನಿಯೋಲದ ಜೇನಿಗೆ ಸುಮಾರು 2.7. ಬೆರಕೆಯಾದವು ಸಾಮಾನ್ಯವಾಗಿ ನಡುವೆ ನಿಲ್ಲುತ್ತವೆ. ಆದರೆ ರಾಣಿಯು ಆಕಾಶದಲ್ಲಿ ಹಲವು ಗಂಡುಗಳನ್ನು ಕೂಡುವುದರಿಂದ ಒಂದೇ ಗೂಡಿನ ಹುಳುಗಳಿಗೂ ತಂದೆಯರು ಬೇರೆ. ಆದುದರಿಂದ ಒಂದು ರೆಕ್ಕೆ ಸಾಕ್ಷಿಯಾಗದು. ಹತ್ತಾರು ರೆಕ್ಕೆಗಳ ಸರಾಸರಿ ಬೇಕು. ಈಗ ರೆಕ್ಕೆಯ ಚಿತ್ರದ ಮೇಲೆ ನರಗಳು ಕೂಡುವ 19 ಬಿಂದುಗಳನ್ನು ಗುರುತಿಸಿ, ಇಡೀ ಆಕಾರವನ್ನೇ ಗಣಕಯಂತ್ರದಿಂದ ಹೋಲಿಸುತ್ತಾರೆ. 1957ರಲ್ಲಿ ಬ್ರೆಜಿಲಿನಲ್ಲಿ ತಪ್ಪಿಸಿಕೊಂಡ ಆಫ್ರಿಕದ ಜೇನು ಅಲ್ಲಿನ ಜೇನಿನೊಡನೆ ಬೆರೆತು ಅಮೆರಿಕ ಖಂಡದ ಬಹುಭಾಗದಲ್ಲಿ ಹರಡಿದಾಗ, ಅದನ್ನು ಬೇಗನೆ ಗುರುತಿಸಲು ಮುಂದಿನ ರೆಕ್ಕೆಯ ಸರಾಸರಿ ಉದ್ದವೇ ನೆರವಾಯಿತು.

ಇಷ್ಟೆಲ್ಲ ತಿಳಿದುಕೊಂಡು ಊರಿಗೆ ಬಂದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿದೆ.

ಅಜ್ಜ ಬಹಳ ಹೊತ್ತು ಗೋಡೆಯನ್ನೇ ನೋಡಿದ. "ನೀ ಓದಿದಾಂವ ಅಂತ ಕೇಳಿದ್ನೋ," ಎಂದಷ್ಟೇ ಅಂದ.

ಆ ಮಾತು ಪರೀಕ್ಷೆಯ ಯಾವ ಪ್ರಶ್ನೆಗಿಂತಲೂ ಕಠಿಣವಾಗಿ ತೋರಿತು. ನಮ್ಮ ಹಳ್ಳಿಗಳಲ್ಲಿ ಕಾಲೇಜು ಹುಡುಗನ ಮಾತಿಗೆ ಬೆಲೆಯುಂಟು. ಆ ಬೆಲೆ ಯಾರದೋ ಮನೆಯ ಗಡಿಗೆಯಿಂದ ಸಲ್ಲುತ್ತದೆ ಎಂಬುದನ್ನು ನಾನು ಅರಿತಿರಲಿಲ್ಲ.

ಅಜ್ಜ ಗಡಿಗೆಯ ಹೊಗೆವಾಸನೆ ಹೋಗುವಂತೆ ಬಿಸಿಲಿಗೊಣಗಿಸಿ, ಒಳಗೆ ಮೇಣ ಸವರಿ, ಮತ್ತೆ ಅದೇ ಮಾಡದಲ್ಲಿ ಇಟ್ಟಿದ್ದಾನೆ. ರಜೆಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಅದರ ಬಾಯನ್ನು. ಇದನ್ನು ಬರೆಯುವವರೆಗೆ ಅದು ಖಾಲಿಯಾಗಿಯೇ ಇದೆ.