ನೆತ್ತಿಯ ಮೇಲಣ ಅಲ್ಪವಿರಾಮ

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ಬಾಸ್ಟನ್ ಎಂಬುದೊಂದು ಊರು. ಪತ್ರಿಕಾಲಯಗಳಲ್ಲಿ ವರದಿಗಾರರಾಗಿಯೂ ಉಪಸಂಪಾದಕರಾಗಿಯೂ ದುಡಿದು ವಿಶ್ರಾಂತಿ ಪಡೆದ ಜಾನ್ ರಿಚರ್ಡ್ಸ್ ಎಂಬ ವೃದ್ಧ ಮಹಾಶಯರು ಅಲ್ಲಿ ನೆಲಸಿದ್ದರು. ಅನ್ಯರ ಬರಹವನ್ನು ತಿದ್ದಿ ಬಾಳಿದವರಿಗೆ ನಿವೃತ್ತಿಯೆಂಬುದು ಹೆಸರಿಗೆ ಮಾತ್ರ; ಕೈಯಿಂದ ಲೇಖನಿ ಹೋದರೂ ಕಣ್ಣಿನಿಂದ ತಿದ್ದುವ ಚಾಳಿ ಹೋಗದು. ಪೇಟೆಯ ಅಂಗಡಿಗಳ ಹಲಗೆಗಳೆಲ್ಲವೂ ಆ ಕಣ್ಣಿಗೆ ತಿದ್ದದೆ ಉಳಿದ ಕರಡಚ್ಚುಗಳಂತೆಯೇ ಕಂಡುವು.

ಅವರನ್ನು ಅಷ್ಟೊಂದು ನೋಯಿಸಿದುದು ಒಂದು ಅತ್ಯಲ್ಪವಾದ ಚಿಹ್ನೆ. ಅಪಾಸ್ಟ್ರಫಿ ಎಂದು ಅದರ ಹೆಸರು. ಅಲ್ಪವಿರಾಮವನ್ನೇ ಎತ್ತಿ ಅಕ್ಷರದ ನೆತ್ತಿಯ ಬಳಿ ಕೂರಿಸಿದಂತೆ ಅದರ ಆಕಾರ. ಇಂಗ್ಲಿಷಿನಲ್ಲಿ ಬಹುವಚನಕ್ಕೂ ಷಷ್ಠೀ ವಿಭಕ್ತಿಗೂ ಸಾಮಾನ್ಯವಾಗಿ ಕೊನೆಯಲ್ಲಿ ಬರುವುದು ಒಂದೇ ಸಕಾರ. ಕಿವಿಗೆ ಅವುಗಳ ಭೇದ ತಿಳಿಯುವಂತಿಲ್ಲ. ‘ಹುಡುಗರು’, ‘ಹುಡುಗನ’, ‘ಹುಡುಗರ’ ಎಂದು ಕನ್ನಡದ ಮಗುವೂ ಬಾಯಲ್ಲೇ ಬೇರ್ಪಡಿಸುವುದನ್ನು ಆಂಗ್ಲೇಯನು ‘ಬಾಯ್ಸ್’ ಎಂಬ ಒಂದೇ ಉಚ್ಚಾರಣೆಯಲ್ಲಿ ಮುಗಿಸುತ್ತಾನೆ. ಕಾಗದದ ಮೇಲಾದರೋ, ಬಹುವಚನಕ್ಕೆ ಕೊಂಡಿಯಿಲ್ಲ. ಒಬ್ಬ ಹುಡುಗನದಾದರೆ ಸಕಾರಕ್ಕೆ ಮೊದಲು ಕೊಂಡಿ. ಹಲವು ಹುಡುಗರದಾದರೆ ಸಕಾರವಾದ ಮೇಲೆ ಕೊಂಡಿ. ಈ ಶಾಸ್ತ್ರವೆಲ್ಲ ಬೆಳಗಾಗೆದ್ದು ಗಾಡಿ ಇಳಿಸಿಕೊಳ್ಳುವ ವ್ಯಾಪಾರಿಗೆ ಹೇಗೆ ನೆನಪಿರಬೇಕು! ಸೇಬು, ಆಲೂಗೆಡ್ಡೆಗಳ ಬಹುವಚನಕ್ಕೂ ಆತ ಕೊಂಡಿ ತಗುಲಿಸುತ್ತಾನೆ. ಈ ರೂಢಿ ಎಷ್ಟು ಪ್ರಸಿದ್ಧವೆಂದರೆ, ಆ ತಪ್ಪಿಗೆ ‘ಕಾಯಿಪಲ್ಲೆಯವನ ಅಪಾಸ್ಟ್ರಫಿ’ ಎಂದೇ ನಾಮಕರಣವಾಗಿದೆ.

2001ರಲ್ಲಿ ರಿಚರ್ಡ್ಸರು ಅಪಾಸ್ಟ್ರಫಿ ಪ್ರೊಟೆಕ್ಷನ್ ಸೊಸೈಟಿ, ಎಂದರೆ ಅಪಾಸ್ಟ್ರಫಿ ಸಂರಕ್ಷಣ ಸಂಘವನ್ನು, ಸ್ಥಾಪಿಸಿದರು. ನಾಲ್ಕಾರು ಮಂದಿ ಸೇರಿಯಾರೆಂದು ಅವರ ಎಣಿಕೆ. ಪತ್ರಿಕೆಯೊಂದರಲ್ಲಿ ಸುದ್ದಿ ಬಂದ ತಿಂಗಳೊಳಗೆ 500ಕ್ಕೂ ಮಿಕ್ಕ ಬೆಂಬಲದ ಪತ್ರಗಳು ಬಂದು ಬಿದ್ದುವು. ಮೊದಲು ನಗಿಸಿ ಅನಂತರ ಚಿಂತನೆಗೆ ಹಚ್ಚುವ ಕಾರ್ಯಗಳಿಗೆ ಆಗ ಅಮೆರಿಕದಲ್ಲಿ ಕೊಡುತ್ತಿದ್ದ ಇಗ್ ನೊಬೆಲ್ ಬಹುಮಾನವೂ ಅದೇ ವರ್ಷ ಸಾಹಿತ್ಯವಿಭಾಗದಲ್ಲಿ ಅವರಿಗೆ ಸಂದಿತು. ಸಂಘದ ಆಯುಧವೆಂದರೆ ವಿನಯ. ತಪ್ಪಿದ ಅಂಗಡಿಗೆ ನಿಯಮವನ್ನು ನೆನಪಿಸುವ ಸೌಮ್ಯವಾದ ಪತ್ರವೊಂದು ಹೋಗುತ್ತಿತ್ತು, ನಿಂದೆಯಿಲ್ಲ, ಪರಿಹಾಸವಿಲ್ಲ.

ಒಮ್ಮೆ ಅವರು ಕಾಫಿ ಎಂಬುದರ ಬಹುವಚನಕ್ಕೆ ಕೊಂಡಿ ಹಾಕಿದ್ದ ಉಪಾಹಾರಗೃಹವೊಂದನ್ನು ಹೊಕ್ಕು, ಅಲ್ಲಿ ಅದು ಬೇಕಿಲ್ಲವೆಂದು ಬಹು ಮರ್ಯಾದೆಯಿಂದ ತಿಳಿಸಿದರು. ಇದ್ದರೇ ನೋಡಲು ಚೆನ್ನ ಎಂಬರ್ಥದ ಉತ್ತರ ಬಂದಿತು. ಇದಕ್ಕೆ ಏನೆನ್ನಬೇಕು? ಅಜ್ಞಾನಿಗೆ ತಿಳಿಸಬಹುದು, ಮರೆತವನಿಗೆ ನೆನಪಿಸಬಹುದು. ವ್ಯಾಕರಣವನ್ನು ಹಣೆಯ ಬೊಟ್ಟಿನಂತೆ ಶೃಂಗಾರವೆಂದು ಬಗೆದವನೊಡನೆ ಯಾವ ಸೂತ್ರವನ್ನು ಹಿಡಿದು ವಾದಿಸುವುದು? ರಿಚರ್ಡ್ಸರು ಸುಮ್ಮನಾದರು.

ಇಷ್ಟಾದರೂ ಈ ಕೊಂಡಿಯ ಪೂರ್ವವೃತ್ತಾಂತವನ್ನು ಕೆದಕಿದರೆ ಒಂದು ವಿಚಿತ್ರ ಹೊರಬೀಳುತ್ತದೆ. ಇದು ಇಂಗ್ಲಿಷಿನ ಒಡಹುಟ್ಟಲ್ಲ. 16ನೆಯ ಶತಮಾನದಲ್ಲಿ ಫ್ರೆಂಚರಿಂದ ಬಂದ ಎರವು. ಪದದಲ್ಲಿ ಅಕ್ಷರವೊಂದು ಲೋಪವಾದುದನ್ನು ತೋರಿಸುವುದು ಆಗ ಅದರ ಕೆಲಸ. ಕನ್ನಡದ ಲೋಪಸಂಧಿಯಲ್ಲಿ ಹೋದ ಸ್ವರಕ್ಕೆ ಗುರುತೇನೂ ಉಳಿಯದು. ಇಂಗ್ಲಿಷಿನವರು ಹೋದ ಅಕ್ಷರಕ್ಕೂ ಒಂದು ಸಮಾಧಿಶಿಲೆ ನೆಟ್ಟರೆನ್ನಬಹುದು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟದಲ್ಲಿ ಷಷ್ಠಿಯ ರೂಪಗಳು ಬಹುಮಟ್ಟಿಗೆ ಕೊಂಡಿಯಿಲ್ಲದೆಯೇ ಇವೆ. ಷಷ್ಠಿಗೆ ಕೊಂಡಿ ಸ್ಥಿರಪಟ್ಟುದು 18ನೆಯ ಶತಮಾನದ ಹೊತ್ತಿಗೆ. ಅದೇ ಕಾಲದಲ್ಲಿ, ಸ್ವರಾಂತವಾದ ಪರಭಾಷಾಪದಗಳ ಬಹುವಚನಕ್ಕೆ ಪಂಡಿತರೂ ಕೊಂಡಿ ಹಾಕುತ್ತಿದ್ದರು. ಆ ಲೆಕ್ಕದಲ್ಲಿ ಕಾಫಿಯ ಹಲಗೆಯವನು ಹೊಸದಾಗಿ ಕೆಟ್ಟವನಲ್ಲ, ಮುನ್ನೂರು ವರ್ಷ ತಡವಾಗಿ ಬಂದವನು!

ಇದಕ್ಕಿಂತಲೂ ಸ್ವಾರಸ್ಯವಾದುದು ಜೊನಾಥನ್ ಸ್ವಿಫ್ಟನ ದೂರು. ಇಂಗ್ಲಿಷು ದಿನೇ ದಿನೇ ಕೆಡುತ್ತಿದೆ, ಅದನ್ನು ನೆಲೆಗೊಳಿಸಲು ವಿದ್ವನ್ಮಂಡಲಿಯೊಂದು ಬೇಕು ಎಂದು ಆತನು 1712ರಲ್ಲಿ ಕೋಶಾಧಿಪತಿಯಾಗಿದ್ದ ಆಕ್ಸ್‌ಫರ್ಡಿನ ಅರ್ಲನಿಗೆ ಬಹಿರಂಗ ಪತ್ರ ಬರೆದನು. ಕವಿಗಳು ‘ಡಿಸ್ಟರ್ಬೆಡ್’ ಎಂಬುದರ ಸ್ವರವನ್ನು ನುಂಗಿ ‘ಡಿಸ್ಟರ್ಬ್ಡ್’ ಎಂದು ವ್ಯಂಜನಗಳನ್ನು ಒತ್ತೊತ್ತಿ ಇಡುತ್ತಿದ್ದರಷ್ಟೆ. ಆತನಿಗೆ ಅದು ಕರ್ಣಕಠೋರ. ಹಾಗೆ ಮೊಟಕಾದ ರೂಪಗಳನ್ನು ಅಂದು ಅಚ್ಚಿನಲ್ಲಿ ಗುರುತಿಸುತ್ತಿದ್ದುದು ಇದೇ ಅಪಾಸ್ಟ್ರಫಿ. ಸ್ವಿಫ್ಟನ ಕಣ್ಣಿಗೆ ಭಾಷೆಯ ಗಾಯದಂತಿದ್ದ ಚಿಹ್ನೆಯೇ ರಿಚರ್ಡ್ಸರ ಕಾಲಕ್ಕೆ ಭಾಷೆಯ ಮರ್ಯಾದೆಯಾಗಿ ನಿಂತಿತು. ಆ ಮಂಡಲಿ ಹುಟ್ಟಲಿಲ್ಲ. ಸ್ವಿಫ್ಟನು ಹಳಿದ ಉಚ್ಚಾರಣೆಯನ್ನು ಇಂದು ಅತಿ ಕಟ್ಟುನಿಟ್ಟಿನ ಉಪಾಧ್ಯಾಯರೂ ನುಡಿಯುತ್ತಾರೆ.

ಹಾಗಾದರೆ ಬಾಸ್ಟನ್ನಿನ ವೃದ್ಧರದು ವ್ಯರ್ಥ ಹಟವೆ? ಹಾಗೆಂದುಬಿಡುವುದು ಸುಲಭ, ನ್ಯಾಯವಲ್ಲ. ನಾಲಗೆಯ ಮೇಲಿರುವ ಶಬ್ದಕ್ಕೆ ಕಾವಲುಗಾರನು ಬೇಡ. ಬೇಕಾದರೆ ಜನರೇ ಅದನ್ನು ಉಳಿಸಿಕೊಳ್ಳುತ್ತಾರೆ, ಬೇಡವಾದರೆ ಸವೆಸುತ್ತಾರೆ. ಈ ಕೊಂಡಿಗಾದರೋ ನಾಲಗೆಯ ಆಶ್ರಯವಿಲ್ಲ. ಬರೆಯುವವನು ಓದುವವನಿಗಾಗಿ ಅರೆಕ್ಷಣ ನಿಂತು ಯೋಚಿಸಿದರೆ ಉಂಟು, ಇಲ್ಲವಾದರೆ ಇಲ್ಲ. ರಿಚರ್ಡ್ಸರು ಕಾದದ್ದು ಆ ಅರೆಕ್ಷಣಕ್ಕಾಗಿ ಎಂದು ತೋರುತ್ತದೆ. ಕೊಂಡಿ ಅದಕ್ಕೊಂದು ನೆಪ.

ದೊಡ್ಡವರೇ ಆ ಕ್ಷಣವನ್ನು ಉಳಿತಾಯಮಾಡತೊಡಗಿದರು. 2009ರಲ್ಲಿ ಬರ್ಮಿಂಗ್‌ಹ್ಯಾಮಿನ ನಗರಸಭೆ ಬೀದಿಯ ಫಲಕಗಳಲ್ಲಿ ಅಪಾಸ್ಟ್ರಫಿ ಬೇಡವೆಂದು ನಿಶ್ಚಯಿಸಿತು. ಪುಸ್ತಕವ್ಯಾಪಾರದ ದೊಡ್ಡ ಸಂಸ್ಥೆಯಾದ ವಾಟರ್‌ಸ್ಟೋನ್ಸ್ 2012ರಲ್ಲಿ ಸ್ವಂತ ಹೆಸರಿನಿಂದಲೇ ಕೊಂಡಿಯನ್ನು ಕಳಚಿತು; ಗಣಕಯಂತ್ರಗಳ ಕಾಲಕ್ಕೆ ಅದೇ ಅನುಕೂಲವೆಂದು ಕಾರಣ. ಕೇಂಬ್ರಿಜ್ ನಗರಸಭೆಯೂ ಹೊಸ ಬೀದಿಗಳ ವಿಷಯದಲ್ಲಿ ಇದೇ ದಾರಿ ಹಿಡಿದಾಗ, ಯಾರೋ ಕರಿಯ ಮಸಿಯಿಂದ ಫಲಕಗಳ ಮೇಲೆ ಕೊಂಡಿಗಳನ್ನು ತುಂಬಿದರು. 2014ರ ಆರಂಭದಲ್ಲಿ ಸಭೆಯವರು ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಂಡರು. ಬ್ರಿಸ್ಟಲ್ಲಿನ ಅನಾಮಧೇಯನೊಬ್ಬನಂತೂ ಉದ್ದನೆಯ ಕೋಲಿನ ಸಲಕರಣೆಯೊಂದನ್ನು ತಾನೇ ಕಟ್ಟಿಕೊಂಡು, ರಾತ್ರಿಯ ಹೊತ್ತು ಅಂಗಡಿಗಳ ಎತ್ತರದ ಹಲಗೆಗಳನ್ನು ತಿದ್ದುತ್ತಿದ್ದನೆಂಬ ಸಂಗತಿ 2017ರಲ್ಲಿ ಬೆಳಕಿಗೆ ಬಂದಿತು. ಅನ್ಯರ ಗೋಡೆಯ ಮೇಲೆ ಕೈಮಾಡುವುದನ್ನು ಮೆಚ್ಚಲಾಗದು. ನಗದೆ ಇರಲೂ ಆಗದು.

2019ರ ಡಿಸೆಂಬರಿನ ಸುಮಾರಿಗೆ, ತಮ್ಮ 96ನೆಯ ವಯಸ್ಸಿನಲ್ಲಿ, ರಿಚರ್ಡ್ಸರು ಸಂಘವನ್ನು ಮುಚ್ಚುವುದಾಗಿ ಪ್ರಕಟಿಸಿದರು. ವಯಸ್ಸಾಯಿತೆಂಬುದು ಒಂದು ಕಾರಣ. ಜನರಿಗೂ ಸಂಸ್ಥೆಗಳಿಗೂ ಈಗ ಇದರ ಚಿಂತೆಯೇ ಇಲ್ಲ, ಅಜ್ಞಾನವೂ ಆಲಸ್ಯವೂ ಗೆದ್ದುವು ಎಂಬುದು ಇನ್ನೊಂದು. ಆ ಸುದ್ದಿ ಹಬ್ಬಿದೊಡನೆ ಸಂಘದ ಜಾಲತಾಣಕ್ಕೆ ಜನ ಎಷ್ಟು ನುಗ್ಗಿದರೆಂದರೆ, ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಸೋತೆನೆಂದು ಬಾಗಿಲಿಕ್ಕಿದಾಗ ಬಾಗಿಲಲ್ಲಿ ಜಾತ್ರೆ!

ಅವರು 2021ರಲ್ಲಿ ತೀರಿಕೊಂಡರು. ಮರುವರ್ಷ ಬಾಬ್ ಮೆಕಾಲ್ಡನ್ ಎಂಬವರು ಸಂಘವನ್ನು ವಹಿಸಿಕೊಂಡು ಮತ್ತೆ ತೆರೆದರು. ನಿಯಮಗಳು ಹಿಂದಿನವೇ. ಬಹುವಚನಕ್ಕೆ ಕೊಂಡಿಯಿಲ್ಲ.