ಐದು ಕೊಂಡಿ, ಹತ್ತು ಸಾಲು

ಶ್ರೀರಂಗಪಟ್ಟಣದಿಂದ ಕೃಷ್ಣರಾಜಸಾಗರದ ಕಡೆಗೆ ಹೋಗುವ ದಾರಿಯಲ್ಲಿ ಪಾಲಹಳ್ಳಿ ಸಿಗುತ್ತದೆ. ಕಬ್ಬಿನ ಗಾಡಿ, ಆಲೆಮನೆಯ ಹೊಗೆ, ಬಲಮುರಿ ಅಣೆಕಟ್ಟೆಯಿಂದ ಹೊರಡುವ ವಿರಿಜಾ ನಾಲೆಯ ನೀರು ಈ ವಾರ ಬಂತೇ ಇಲ್ಲವೇ ಎಂಬ ವಿಚಾರಣೆ - ಊರಿನ ಮಾತೆಲ್ಲ ಇವುಗಳ ಸುತ್ತಲೇ. ಅಲ್ಲಿನ ಒಂದು ಮನೆಯಲ್ಲಿ ಮಾತ್ರ ಹದಿನೈದು ದಿನಗಳಿಂದ ಬೇರೊಂದು ಗೋಳು ನಡೆದಿತ್ತು. ಹತ್ತು ಸಾಲು ಕಾಣಬೇಕಾದಲ್ಲಿ ಒಮ್ಮೆ ಏಳು, ಒಮ್ಮೆ ನಾಲ್ಕು.

ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಕೊನೆಯ ವರ್ಷ, ಪ್ರಾಜೆಕ್ಟ್ ಪರೀಕ್ಷೆಗೆ ಆರೇ ದಿನ ಉಳಿದಿತ್ತು. ಅಪ್ಪ ಬಹುಕಾಲ ನೀರುಗಂಟಿಯ ಕೆಲಸ ಮಾಡಿದವರು. ಸ್ವಂತದ್ದು ನಾಲೆಯ ಕಟ್ಟಕಡೆಯಲ್ಲಿ ಒಂದೆಕರೆ. ಅವಳ ಫೀಸಿಗೆ ಎರಡು ವರ್ಷದ ಕಬ್ಬಿನ ದುಡ್ಡು ಹೋಗಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದುದೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು.

ಹಳೆಯ ಬಗೆಯ ಜಾಲದಲ್ಲಿ ಪ್ರತಿಯೊಂದು ಸ್ವಿಚ್ಚೂ ಪ್ಯಾಕೆಟ್ಟನ್ನು ಎತ್ತ ಕಳಿಸಬೇಕೆಂದು ತಾನೇ ನಿರ್ಧರಿಸುತ್ತದೆ. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕ್‌ನಲ್ಲಿ ಆ ಯಜಮಾನಿಕೆ ಕಂಟ್ರೋಲರ್ ಎಂಬ ಒಂದು ತಂತ್ರಾಂಶದ್ದು. 2008ರಲ್ಲಿ ಬೆಳಕಿಗೆ ಬಂದ ಓಪನ್‌ಫ್ಲೋ ಈ ಯಜಮಾನನಿಗೂ ಸ್ವಿಚ್ಚುಗಳಿಗೂ ನಡುವಿನ ಭಾಷೆ. ಆದರೆ ಯಜಮಾನನಿಗೆ ಕಣ್ಣಿಲ್ಲ. ಯಾವ ಸ್ವಿಚ್ಚು ಯಾವುದಕ್ಕೆ ಅಂಟಿಕೊಂಡಿದೆ ಎಂದು ತಿಳಿಯಲು ಅದು ಪ್ರತಿ ಸ್ವಿಚ್ಚಿನ ಪ್ರತಿ ಬಾಗಿಲಿನಿಂದಲೂ ಒಂದು ಚೀಟಿಯನ್ನು ಹೊರಗೆ ಕಳಿಸುತ್ತದೆ. ಎಲ್‌ಎಲ್‌ಡಿಪಿ ಎಂದು ಅದರ ಹೆಸರು. 'ಮೂರನೆಯ ಸ್ವಿಚ್ಚಿನ ಎರಡನೆಯ ಬಾಗಿಲಿನಿಂದ ಹೊರಟೆ' ಎಂಬಷ್ಟೇ ಅದರ ಒಕ್ಕಣೆ. ಆಚೆಯ ಸ್ವಿಚ್ಚು ಅದನ್ನು ಹಿಡಿದು, 'ನನ್ನ ಈ ಬಾಗಿಲಿಗೆ ಬಂತು' ಎಂದು ಕಂಟ್ರೋಲರ್‌ಗೆ ಒಪ್ಪಿಸುತ್ತದೆ. ಹೀಗೆ ಒಂದು ಕೊಂಡಿ ನಕ್ಷೆಗೆ ಸೇರುತ್ತದೆ; ಹೋಗುವ ದಿಕ್ಕಿಗೊಂದು ಸಾಲು, ಬರುವ ದಿಕ್ಕಿಗೊಂದು. ಚೀಟಿ ಸ್ವಲ್ಪ ಹೊತ್ತು ಬಾರದಿದ್ದರೆ ಕೊಂಡಿ ಸತ್ತಿತೆಂದು ಕಂಟ್ರೋಲರ್ ಅದನ್ನು ಅಳಿಸಿಬಿಡುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಚೀಟಿ ಎಂದೂ ಕಳೆಯುವುದಿಲ್ಲ, ಅದೇ ತೊಂದರೆ.

ಅವಳ ಜಾಲದಲ್ಲಿದ್ದದ್ದು ಉಂಗುರದಂತೆ ಕೂಡಿಸಿದ ಐದು ಸ್ವಿಚ್ಚುಗಳು. ನಿಜವಾದವಲ್ಲ, ಲ್ಯಾಪ್‌ಟಾಪಿನೊಳಗೇ ಜಾಲ ಕಟ್ಟಿಕೊಡುವ ಮಿನಿನೆಟ್ ತಂತ್ರಾಂಶದವು. ಕಂಟ್ರೋಲರ್ ಮಾತ್ರ ಜಪಾನಿನ ಎನ್‌ಟಿಟಿಯವರು ಬೆಳೆಸಿದ ರ್ಯು. ಆ ಹೆಸರಿಗೆ ಹರಿವು ಎಂದೇ ಅರ್ಥವಂತೆ. ಐದು ಕೊಂಡಿಗೆ ಹತ್ತು ಸಾಲು ಬರಬೇಕು, ಬರುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದಳು, ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದಳು. ಓದಿದವರೂ ಓದದವರೂ ಮೊದಲು ಮಾಡುವ ಪೂಜೆ ಅದೇ. ಕೊನೆಗೆ ಮಿನಿನೆಟ್ಟಿನ ಕೊಂಡಿಗಳೇ ಕೆಟ್ಟಿವೆ ಎಂದು ತೀರ್ಮಾನಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: "ಓದೊರ್ಸ ನಮ್ ಗದ್ದೆಗೆ ನೀರು ಬರ್ನಿಲ್ಲ. ಮೇಲ್ಗಡೆಯೋನು ಕಟ್ಕಂಡವ್ನೆ ಅಂತ ಜಗಳಕ್ಕೋದೆ. ಆಮೇಲೆ ನಾಲೆ ಉದ್ದಕ್ಕೂ ನಡ್ಕಂಡೋಗಿ ನೋಡುದ್ರೆ, ಬದಿನಾಗೆ ಏಡಿ ಬಿಲ ಕಣವ್ವ. ನೀರು ಬುಟ್ಟಿದ್ರು, ತೂಬೂ ದಾಟಿತ್ತು. ನೀನು ತೂಬು ತೂಬಿಗೂ ನಿಂತ್ಕಂಡು ನೋಡಿದ್ದೀಯಾ?"

ನೋಡಿರಲಿಲ್ಲ. ಹದಿನೈದು ದಿನವೂ ಕಂಟ್ರೋಲರ್‌ನ ಪಟ್ಟಿಯ ಮುಂದೆಯೇ ಕೂತಿದ್ದಳು; ಅಂದರೆ ಕೊನೆಯ ಗದ್ದೆಯಲ್ಲೇ.

ಆ ರಾತ್ರಿ ಅವಳು ಒಂದು ಚೀಟಿಯ ಬೆನ್ನುಹತ್ತಿದಳು. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪನ್ನು ಮೂರನೆಯ ಸ್ವಿಚ್ಚಿನ ಬಾಗಿಲಲ್ಲಿ ನಿಲ್ಲಿಸಿದಳು. ಚೀಟಿ ಹೊರಟಿತ್ತು. ನಾಲ್ಕನೆಯದರ ಬಾಗಿಲಲ್ಲಿ ನಿಲ್ಲಿಸಿದಳು. ತಲುಪಿತ್ತು! ಕೊಂಡಿಗಳ ಮೇಲಿನ ಆರೋಪ ಅಲ್ಲಿಗೆ ಬಿತ್ತು. ಉಳಿದದ್ದು ಸ್ವಿಚ್ಚಿನಿಂದ ಕಂಟ್ರೋಲರ್‌ವರೆಗಿನ ದಾರಿ. ಅಲ್ಲಿ ಇಣುಕಿದರೆ ಪರದೆಯ ಮೇಲೆ ಪ್ಯಾಕೆಟ್ಟುಗಳ ಪ್ರವಾಹ. ಎಲ್ಲವೂ ಎಆರ್‌ಪಿ, ಅಂದರೆ 'ಈ ವಿಳಾಸದವರು ಯಾರು?' ಎಂದು ಕಂಪ್ಯೂಟರು ಎಲ್ಲರನ್ನೂ ಕೂಗಿ ಕೇಳುವ ಪ್ರಶ್ನೆಗಳು.

ಅವಳ ಪ್ರೋಗ್ರಾಮಿನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ ಎಲ್ಲ ಬಾಗಿಲಿಗೂ ಹಂಚು ಎಂದಿತ್ತು. ಉಂಗುರದಲ್ಲಿ ಹಂಚಿದ್ದು ಸುತ್ತಿ ಬಂದು ಮತ್ತೆ ಹಂಚಿಕೆಯಾಗುತ್ತದೆ. ಇಷ್ಟು ಸುತ್ತಿಗೆ ಸಾಯಬೇಕೆಂಬ ಲೆಕ್ಕ ಈ ಜಾತಿಯ ಪ್ಯಾಕೆಟ್ಟಿಗಿಲ್ಲ. ಪ್ರತಿ ಸುತ್ತಿನಲ್ಲೂ ಸ್ವಿಚ್ಚುಗಳು ಕಂಟ್ರೋಲರ್‌ನ ಬಾಗಿಲು ಬಡಿಯುತ್ತಿದ್ದವು. ಆ ನೂಕುನುಗ್ಗಲಿನ ಹಿಂದೆ ಪಾಪದ ಚೀಟಿ ಸಾಲು ನಿಂತಿತ್ತು. ತಡವಾಗಿ ಬಂದದ್ದು ಕಂಟ್ರೋಲರ್ ಪಾಲಿಗೆ ಬಾರದ್ದೇ. ಪರೀಕ್ಷಿಸಲು ಎಲ್ಲ ಪಿಂಗ್ ನಿಲ್ಲಿಸಿ, ಜಾಲವನ್ನು ಹೊಸದಾಗಿ ಎಬ್ಬಿಸಿ ಸುಮ್ಮನೆ ಕೂತಳು. ಹತ್ತು ಸಾಲು. ಒಂದು ಪಿಂಗ್ ಕೊಟ್ಟಳು. ಆರು.

ಮದ್ದು 1985ರಿಂದಲೂ ಇದೆ. ರೇಡಿಯಾ ಪರ್ಲ್‌ಮನ್ ಎಂಬಾಕೆ ಕೊಟ್ಟ ಸ್ಪ್ಯಾನಿಂಗ್ ಟ್ರೀ: ಹಂಚುವಾಗ ಉಂಗುರದ ಒಂದು ತೂಬು ಮುಚ್ಚು. ನಕ್ಷೆ ಪೂರ್ತಿಯಾಗುವ ತನಕ ಹಂಚಲೇಬೇಡ ಎಂಬ ಒಂದು ಸಾಲನ್ನು ಅವಳೇ ಸೇರಿಸಿದಳು. ಬೆಳಗಿನ ಹೊತ್ತಿಗೆ ಹತ್ತು ಹತ್ತಾಗಿಯೇ ನಿಂತಿತು.

ಪರೀಕ್ಷೆಯ ದಿನ ಪರೀಕ್ಷಕರು ಒಂದು ಕೊಂಡಿಯನ್ನು ಬೇಕೆಂದೇ ಕಡಿಸಿದರು. ಪಟ್ಟಿ ಎಂಟಕ್ಕಿಳಿಯಿತು, ಪಿಂಗ್ ಒಂದೆರಡು ಸಲ ತಡವರಿಸಿ ಬಳಸುದಾರಿ ಹಿಡಿಯಿತು. ಅವರು ತಲೆಯಾಡಿಸಿ, "ಐದಕ್ಕೆ ಸರಿ. ಐನೂರು ಸ್ವಿಚ್ಚಿದ್ದರೆ? ಆಗ ಚೀಟಿಗಳೇ ಪ್ರವಾಹವಾಗುವುದಿಲ್ಲವೆ?" ಎಂದರು. ಅವಳಿಗೆ ಉತ್ತರ ಹೊಳೆಯಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬಂದವಳು ಅದನ್ನೇ ಹೇಳಿ ಪೆಚ್ಚುಮೋರೆ ಹಾಕಿದಳು. ಅಪ್ಪ ಸನಿಕೆಯ ಮಣ್ಣು ಕೆರೆಯುತ್ತ ಕೂತಿದ್ದರು.

"ಐನೂರು ತೂಬಿಗೆ ಒಬ್ಬ ನೀರುಗಂಟಿ ಎಲ್ಲಿ ಸಾಕಾಯ್ತನವ್ವ?" ಎಂದರು.